ಬೋಲ್ಟಿಗೆ ಹಾಕಿಸಿದ ನಿಕ್ಕಲ್ ಲೇಪ

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಿತ್ತು. ನಮ್ಮ ಯಜಮಾನರು ಮಿಲಿಟರಿಯಿಂದ ಬಂದ ಮೇಲೆ ಚಿಕ್ಕೋಡಿಯ ಬ್ಯಾಂಕೊಂದರಲ್ಲಿ ಕಾವಲಿಗಿದ್ದರು. ಸ್ವಂತ ರೈಫಲ್ ಇದ್ದವರಿಗಷ್ಟೇ ಆ ನೌಕರಿ.

ಎಂಬತ್ತರ ದಶಕದ ಒಂದು ಚುನಾವಣೆಯ ಹೊತ್ತಿಗೆ ಅಡ್ಡಮಳೆ ಹಿಡಿದು, ಠಾಣೆಯಲ್ಲಿಟ್ಟ ಬಂದೂಕುಗಳಿಗೆಲ್ಲ ಥಂಡಿ ತಗುಲಿತು. ರೈಫಲ್ ತಿರುಗಿ ಕೈಗೆ ಬಂದ ಮರುದಿನವೇ ಬ್ಯಾಂಕಿನಲ್ಲಿ ತಪಾಸಣೆ. ಬಂದೂಕು ನಡೆಯದಿದ್ದರೆ ಆ ಜಾಗ ಬೇರೆಯವರಿಗೆ.

ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಉಕ್ಕಿನ ಬೋಲ್ಟಿಗೆ ಅವರು ಹಿಂದಿನ ವರ್ಷವಷ್ಟೇ ಕೊಲ್ಹಾಪುರದಲ್ಲಿ ನಿಕ್ಕಲ್ ಲೇಪ ಹಾಕಿಸಿದ್ದರು. ಬರೀ ಪಾಲೀಶು ಸಾಕಿತ್ತು, ಆ ರೊಕ್ಕದಲ್ಲಿ ಬಚ್ಚಲಿಗೆ ತಗಡು ಬರುತ್ತಿತ್ತು ಎಂದು ನನ್ನ ವಾದ. ಅತ್ತೆಯವರದು ಇನ್ನೊಂದು.

"ಸೊಸಿ ಕಾಲುಂಗುರ ಸವದು ಹೋಗ್ಯಾವ, ಇಂವಾ ಬಂದೂಕಿಗೆ ಬೆಳ್ಳಿ ತೊಡಿಸ್ಯಾನ!"

ತಪಾಸಣೆಯ ದಿನ ಬೆಳಿಗ್ಗೆ ನನ್ನ ಲಿಂಗಪೂಜೆ ಮುಗಿಯುವುದರೊಳಗೆ ಅವರು ಗೋಣಿತಟ್ಟು ಹಾಸಿ ಕೂತಿದ್ದರು. ನಳಿಗೆಯ ಮೇಲೆ ಕೆಂಪು ತುಕ್ಕು. ಬೋಲ್ಟು ಮಾತ್ರ ಎಳೆದೊಡನೆ ಸರಿಯಿತು.

"ನೋಡಿದಿ? ಬೆಣ್ಣಿಯೊಳಗ ಚಾಕು ಹೋದಂಗ!"

ಖಾಲಿ ಬಂದೂಕಿನ ಕುದುರೆಗೆ ಬೆರಳಿಟ್ಟು ಎಳೆದರು, ಟಕ್ ಎನ್ನಬೇಕಿತ್ತು. ಸದ್ದಿಲ್ಲ. ಮತ್ತೆ ಎಳೆದರು. ಇಲ್ಲ.

"ಒಳಗ ಲೇಪ ಇಲ್ಲೇನ್ರಿ?"

"ಹೊರಗಷ್ಟ ಹಾಕ್ತಾರ. ಸುಮ್ನಿರು ಸ್ವಲ್ಪ."

ಬೋಲ್ಟನ್ನು ಪೂರ್ತಿ ಹೊರಗೆಳೆದು ಬಿಚ್ಚಿದರು. ಗುಂಡಿಗೆ ಬಡಿಯುವ ಒಳಗಿನ ಮೊಳೆಗೂ ಸ್ಪ್ರಿಂಗಿಗೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಸ್ಟೋವಿನ ಸೀಮೆಎಣ್ಣೆಯನ್ನೇ ಬಟ್ಟಲಿಗೆ ಬಸಿದು ಕೊಟ್ಟೆ. ಅವರು ತಿಕ್ಕುತ್ತಿದ್ದರು, ನನ್ನ ಬಾಯಲ್ಲಿ ಪಂಚಾಕ್ಷರಿ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಮತ್ತೆ ಜೋಡಿಸಿದರು. ಕುದುರೆ ಎಳೆದರೆ ಅರ್ಧ ಸದ್ದು.

ಅತ್ತೆ ಬಾಗಿಲಲ್ಲಿ ನಿಂತು, "ಮುಗೀತೇನಪಾ ನಿನ್ನ ಮಂಗಳಾರತಿ? ಬಸ್ಸು ಹೊಂಟ ಹೋಗತೈತಿ!" ಎಂದರು.

ಯಜಮಾನರು ಇನ್ನೊಮ್ಮೆ ಬಿಚ್ಚಿದರು, ಒರೆಸಿದರು, ಜೋಡಿಸಿದರು. ಟಕ್ ಎಂದಿತು. ಒಣ ಸದ್ದು, ಪೂರ್ತಿ ಸದ್ದು. ಅವರು ಊಟ ಬಿಟ್ಟು ಓಡಿದರು.

ಸಂಜೆಯವರೆಗೆ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಯಜಮಾನರು ಬಂದವರೇ ರೊಟ್ಟಿ ಕೇಳಿದರು. ಜೀವ ಬಂತು. ತಾಟಿನ ಮುಂದೆ ಕೂತು ಹೇಳಿದರು: "ನಂದು ಪಾಸಾತು. ನಮ್ಮ ಜೋಡಿ ಕಾವಲಿಗಿರೋ ಮುದುಕಂದು ಬರೀ ಉಕ್ಕಿನ ಬೋಲ್ಟು. ತುಕ್ಕು ಹಿಡದು ಹೊರಗ ಬರಲೇ ಇಲ್ಲ. ಒಳಗ ಏನಾಗೇತಿ ಅಂತ ನೋಡಾಕೂ ಆಗಲಿಲ್ಲ. ನಾಳಿಂದ ಬರಬ್ಯಾಡ ಅಂದ್ರು."

ಲೇಪ ತುಕ್ಕನ್ನೆಲ್ಲ ತಡೆಯಲಿಲ್ಲ, ನಿಜ. ಆದರೆ ತುಕ್ಕಿದ್ದ ಜಾಗಕ್ಕೆ ಕೈ ಹೋಗುವಷ್ಟು ದಾರಿ ಬಿಟ್ಟಿತ್ತು. ಶಿವ ಅಷ್ಟು ಕೊಟ್ಟಿದ್ದ. ಇನ್ನೊಂದು ರೊಟ್ಟಿ ಬಡಿಸಿ, ಆ ಮುದುಕನ ಮನೆಯಲ್ಲಿ ಈ ಹೊತ್ತು ಒಲೆ ಹೊತ್ತಿದೆಯೋ ಇಲ್ಲವೋ ಎಂದು ಕೇಳಿದೆ.