ರಕ್ತ ಹೀರುವವರ ಕಥೆಯನ್ನು ಅವ್ವನಿಗೆ ಓದಿದ್ದು

ಗುಂಡ್ಲುಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ನನ್ನ ಕೆಲಸ. ದಿನವೆಲ್ಲ ಸೂಜಿ ಚುಚ್ಚಿ, ಸಂಜೆ ಬಸ್ಸಿನಲ್ಲಿ ಕೂತು ರಕ್ತ ಹೀರುವ ದೆವ್ವಗಳ ಕಾದಂಬರಿ ಓದುತ್ತೇನೆ ಎಂದರೆ ಜೊತೆಯವರು ನಗುತ್ತಾರೆ. ನಗಲಿ. ನನಗೆ ಹೆದರಿಕೆಗಿಂತ ಕುತೂಹಲ ಜಾಸ್ತಿ. ಅಂಥ ಪೀಡೆ ಯಾವ ಮನೆಯಿಂದ ಶುರುವಾಯಿತು, ಯಾವ ಮನೆಗೆ ಹೇಗೆ ದಾಟಿತು ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ.

ಕಳೆದ ವರ್ಷ ಅವ್ವನಿಗೆ ಚಾಮರಾಜನಗರದಲ್ಲಿ ಕಣ್ಣಿನ ಪೊರೆ ತೆಗೆಸಿ, ಹರವೆ ಹತ್ತಿರದ ನಮ್ಮ ಹಳ್ಳಿಗೆ ಕರೆತಂದೆ. ಡ್ರಾಪ್ಸ್ ಹಾಕಲು ರಜೆ ಹಾಕಿ ನಾನೇ ಉಳಿದೆ. ಕಪ್ಪು ಕನ್ನಡಕ ಹಾಕಿಕೊಂಡು, ಟೀವಿಯನ್ನೂ ನೋಡದೆ ಒಲೆಯ ಹತ್ತಿರವೂ ಹೋಗದೆ ಕೂರುವುದು ಅವ್ವನ ಜಾಯಮಾನವೇ ಅಲ್ಲ. ಮನೆಗೆ ಬಂದ ಮಾರನೆಯ ದಿನವೇ ಚಡಪಡಿಸತೊಡಗಿದಳು.

"ಅದೇನ ಒಬ್ಳೇ ಓದ್ಕಂಡು ಕುಂತಿದ್ದೀಯೆ? ನಂಗೂ ಓದಮ್ಮಿ."

ಪುಸ್ತಕ ಇಂಗ್ಲಿಷಿನದು. ನಾನು ನಮ್ಮ ಮಾತಿಗೆ ತಿರುಗಿಸಿಕೊಂಡು ಹೇಳುತ್ತಾ ಹೋದೆ. ಯಾವುದೋ ಸಮುದ್ರದ ದಂಡೆಯ ಊರು. ಮೀನಿನ ಲಾರಿ ಓಡಿಸುವವನೊಬ್ಬ ಪರ ಊರಿನಿಂದ ಕತ್ತಿನ ಮೇಲೆ ಒಂದು ಗಾಯ ಮಾಡಿಕೊಂಡು ಬರುತ್ತಾನೆ. ಅವನಿಂದ ಮನೆಗೆ, ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ ಪ್ಲೇಗಿನ ಹಾಗೆ ಹಬ್ಬುತ್ತದೆ. ಕಚ್ಚಿಸಿಕೊಂಡವರೆಲ್ಲ ಕಚ್ಚುವವರಾಗುತ್ತಾರೆ.

ಅವ್ವ ಹೆದರಲಿಲ್ಲ, ಪ್ರಶ್ನೆ ಕೇಳಿದಳು. "ಅವು ಮುದ್ದೆ ಕೊಟ್ರೂ ಉಣ್ಣಕಿಲ್ವಾ?"

"ಇಲ್ಲವ್ವ, ರಕ್ತ ಮಾತ್ರ."

"ಮ್ಯಾಕೆ ರಕ್ತ ಆಗಕಿಲ್ವಾ? ಅದ ನಾವೂ ಉರ್ಕಂಡು ತಿಂತೀವಲ್ಲ."

ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಬೆಳ್ಳುಳ್ಳಿ ಕಂಡರೆ ಅವು ದೂರ ಓಡುತ್ತವೆ ಅಂದಾಗ ಅವ್ವ ನಕ್ಕಳು. "ಅಂಗಾರೆ ಬಾಣಂತಿ ಇರೋ ಮನೆ ಕಡೀಕೆ ತಲೆನೂ ಆಕಕಿಲ್ಲ ಬುಡು." ಒಂದು ಕಡಿತಕ್ಕೆ ಮನುಷ್ಯ ಪೂರ್ತಿ ಬದಲಾಗುವುದು ಹೇಗೆ ಎಂಬುದು ಮಾತ್ರ ಅವಳಿಗೆ ಬಿಡಿಸಿ ಹೇಳದೆಯೇ ತಿಳಿಯಿತು. "ಆಲ್ಗೆ ಎಪ್ಪಾಕ್ದಂಗೆ ಅನ್ನು. ಒಂದ್ ತೊಟ್ಟು ಬಿದ್ರೆ ಸಾಕು, ಪಾತ್ರೆ ಆಲೆಲ್ಲ ಮೊಸ್ರೇಯ."

ಹಾಗಂದವಳ ಮುಖ ಎದುರುಮನೆಯ ಕಡೆಗೆ ತಿರುಗಿತು. ನಾನು ಪುಸ್ತಕ ಮುಚ್ಚಿಟ್ಟೆ.

ನಮ್ಮ ಬೀದಿಗೆ ಹೆಪ್ಪು ಕೊಡುತ್ತಿದ್ದದ್ದು ಎದುರುಮನೆಯ ಚಿಕ್ಕವ್ವ. ನೆಂಟಸ್ತನವಿಲ್ಲ, ನಾನು ಚಿಕ್ಕಂದಿನಿಂದ ಹಾಗೆ ಕರೆಯುವುದು ಅಷ್ಟೇ. ಅವಳ ಹಸುವಿನ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿರುತ್ತಿತ್ತು. ಸಂಜೆಯಾದರೆ ಅವಳೇ ಬಟ್ಟಲು ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತು, ಒಂದು ಚಮಚ ಹೆಪ್ಪು, ಹತ್ತು ಚಮಚ ಮಾತು ಕೊಟ್ಟು ಹೋಗುತ್ತಿದ್ದಳು. ಕೊರೊನಾ ಎರಡನೇ ಸಲ ಬಂದಾಗ, ಪುಣಜನೂರಿನ ಆಚೆ ತಮಿಳುನಾಡಿನಲ್ಲಿರುವ ತವರಿಗೆ ಸಾವಿಗೆಂದು ಹೋಗಿ ಬಂದಳು. ಮೈ ಬೆಚ್ಚಗಿದ್ದದ್ದನ್ನು ಪ್ರಯಾಣದ ಸುಸ್ತು ಅಂದುಕೊಂಡಳು. ಹೆಪ್ಪು ಕೊಡುವುದನ್ನು ತಪ್ಪಿಸಲಿಲ್ಲ. ಆ ವಾರ ಬೀದಿಗೆ ಬೀದಿಯೇ ಮಲಗಿತು. ನಮ್ಮಪ್ಪ ಏಳಲೇ ಇಲ್ಲ.

ಕಾಯಿಲೆ ಹೆಪ್ಪಿನ ಬಟ್ಟಲಲ್ಲೇ ಬಂತೆಂದು ಊರು ತೀರ್ಮಾನಿಸಿತು. ಅದು ಮೊಸರಿನಲ್ಲಿ ಬರುವುದಿಲ್ಲ, ಉಸಿರಿನಲ್ಲಿ ಬರುತ್ತದೆ ಎಂದು ನಾನು ಬಾಯಿ ಬಡಿದುಕೊಂಡೆ. "ಉಸ್ರಲ್ಲೇ ಬಂತು ಅನ್ನು," ಅಂದಳು ಅವ್ವ, "ಅದೂ ಅವ್ಳ ಉಸ್ರೇ ಅಲ್ವಾ?" ಆವತ್ತಿನಿಂದ ಅವ್ವನಿಗೂ ಚಿಕ್ಕವ್ವನಿಗೂ ಮಾತಿಲ್ಲ. ಈಗಲೂ ಚಿಕ್ಕವ್ವನ ಹಾಲನ್ನು ಡೈರಿಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಅವಳ ಹೆಪ್ಪು ಮಾತ್ರ ಯಾರಿಗೂ ಬೇಡ. ನಮ್ಮ ಮನೆಗೆ ಪ್ಯಾಕೆಟ್ ಮೊಸರು ಬರುತ್ತದೆ.

ಮರುದಿನ ಮಧ್ಯಾಹ್ನ ಓದಲು ಕೂತಾಗ ನಮ್ಮ ಜಗಲಿಯ ಮೇಲೆ ಸದ್ದಾಯಿತು. ಚಿಕ್ಕವ್ವ ಮೊರದ ತುಂಬ ಹುಣಸೆಹಣ್ಣು ತಂದು ಬೀಜ ಬಿಡಿಸುತ್ತಾ ಕೂತಿದ್ದಳು. ಅವಳ ಮನೆಗೂ ಜಗಲಿಯಿದೆ. ಅವ್ವ ಒಳಗೆ ಕರೆಯಲಿಲ್ಲ, ಬಾಗಿಲು ಹಾಕು ಎಂದೂ ಹೇಳಲಿಲ್ಲ. ಲಾರಿಯವನ ಮೇಲೆ ಊರವರಿಗೆ ಅನುಮಾನ ಹುಟ್ಟುವ ಭಾಗವನ್ನು ನಾನು ಓದಿದೆ. ಮುಗಿಸಿದಾಗ ಹೊರಗಿನಿಂದ ದನಿ ಬಂತು: "ಮ್ಮಿ, ಆ ಲಾರಿಯವ್ನ ಏನ್ ಮಾಡುದ್ರು?"

"ಇನ್ನೂ ಅಲ್ಲಿಗೆ ಬಂದಿಲ್ಲ ಚಿಕ್ಕವ್ವ."

ದಿನಾ ಬಂದಳು, ದಿನಾ ಅದನ್ನೇ ಕೇಳಿದಳು. ಅಷ್ಟರಲ್ಲಿ ನಾನು ಕದ್ದು ಮುಂದೆ ಓದಿಬಿಟ್ಟಿದ್ದೆ. ಪೀಡೆ ತಂದವನು ಇವನೇ ಎಂದು ಊರವರು ಅವನನ್ನು ಹಿಡಿದು, ಎದೆಗೆ ಗೂಟ ಹೊಡೆದು ಕೊಲ್ಲುತ್ತಾರೆ. ಅಳುವವರು ಒಬ್ಬರೂ ಇಲ್ಲ. ಅರ್ಧ ಪುಟದಲ್ಲಿ ಅವನ ಕಥೆ ಮುಗಿಸಿ ಲೇಖಕ ಬೇರೆ ಕಡೆಗೆ ಹೊರಟುಬಿಡುತ್ತಾನೆ. ನನಗೆ ಸಿಟ್ಟು ಬಂತು. ಆ ಪುಟಕ್ಕೆ ಬಂದ ದಿನ ಓದದೆ ಹಾಳೆ ಮಗುಚಿ, ಅವನು ಹಡಗು ಹತ್ತಿ ಎಲ್ಲಿಗೋ ಹೋದ ಎಂದು ಹೇಳಿದೆ.

"ನೀ ಆಳೆ ಮಗ್ಚುದ್ದು ಇಲ್ಗೇ ಕಾಣ್ತು ಕಣಮ್ಮಿ," ಅಂದಳು ಚಿಕ್ಕವ್ವ. "ಅದ್ರಲ್ಲಿ ಇರೋದ ಓದು."

ಓದಿದೆ. ಗೂಟದ ವಿಷಯವನ್ನೂ ಓದಿದೆ. ಹುಣಸೆಬೀಜ ಮೊರಕ್ಕೆ ಬೀಳುವ ಸದ್ದು ನಿಂತಿತು.

ಚಿಕ್ಕವ್ವ ಕೇಳಿದಳು: "ಅವ್ನಿಗ್ ಗೊತ್ತಿತ್ತಾ? ತಾನು ಊರ್ಗೆ ಅದ ತತ್ತಾ ಇವ್ನಿ ಅಂತವ?"

ನನಗೆ ನೆನಪಾಗಲಿಲ್ಲ. ಮೊದಲಿನ ಪುಟಗಳಿಗೆ ಹೋಗಿ ಹುಡುಕತೊಡಗಿದೆ. ಅಂಥ ಸಾಲೇ ಇಲ್ಲದಿದ್ದರೆ ಏನು ಹೇಳಲಿ ಎಂದುಕೊಳ್ಳುತ್ತಾ ಬೆರಳಿಟ್ಟು ಒಂದೊಂದೇ ಸಾಲು ನೋಡಿದೆ. ಅವ್ವ ಕಪ್ಪು ಕನ್ನಡಕವನ್ನು ನನ್ನತ್ತ ತಿರುಗಿಸಿ ಕಾಯುತ್ತಿದ್ದಳು. ಕೊನೆಗೆ ಸಿಕ್ಕಿತು. ಅವನು ಲಾರಿ ನಿಲ್ಲಿಸಿ ಇಳಿಯುವ ಕಡೆ ಎರಡೇ ಸಾಲು. "ಊರು ಸೇರಿದ ಖುಷಿಯಲ್ಲಿ ಅವನು ಎಲ್ಲರನ್ನೂ ಕೂಗಿ ಮಾತಾಡಿಸಿದ. ತನ್ನ ಮೈಯೊಳಗೆ ಏನು ಬಂದು ಸೇರಿದೆ ಎಂದು ಅವನಿಗೆ ಗೊತ್ತಿರಲಿಲ್ಲ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಣ್ಣು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು.

"ಅದ ಇನ್ನೊಂದ್ ಸಲ ಓದು," ಅಂದಳು. "ಜೋರಾಗ್ ಓದು. ಆಚೆ ಕುಂತಿರೋಳ್ಗೂ ಕೇಳ್ಲಿ."