ಅತ್ತೆಗೆ ಓಣಿ ತೋರಿಸುತ್ತಿದ್ದ ದನಿ

ಮಾವನ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಅವರು ಉಸಿರಾಡಿದಾಗಲೆಲ್ಲ ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ಸಿಟ್ಟು ಬಂದರೆ ಜೋರಾಗಿ ಅಲುಗುತ್ತಿತ್ತು. ನಕ್ಕರಂತೂ ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ಹಿಂದೆ, ಗಂಟಲಿನ ಕೆಳಗೆ, ಹಳೆಯ ನಾಲ್ಕಾಣೆಯಷ್ಟು ಒಂದು ತೂತು. ಕ್ಯಾನ್ಸರ್ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಡಾಕ್ಟರು ಉಸಿರಿಗೆ ಅಲ್ಲೇ ದಾರಿ ಮಾಡಿಕೊಟ್ಟಿದ್ದರು. ಮೊದಮೊದಲು ಆ ಬಟ್ಟೆಯ ಕಡೆ ನೋಡಲು ಹೆದರುತ್ತಿದ್ದ ನಾನು, ಆಮೇಲೆ ಮುಖ ಬಿಟ್ಟು ಅದನ್ನೇ ನೋಡತೊಡಗಿದೆ. ಮಾವನ ಮನಸ್ಸು ತಿಳಿಯಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಸುರಪುರ, ಶಹಾಪುರ, ಯಾದಗಿರಿ ಎಂದು ಇದೇ ರೂಟಿನಲ್ಲಿ ತಿರುಗಿ ನೌಕರಿ ಮುಗಿಸಿದರು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರು "ಯಾದಗಿರ್, ಯಾದಗಿರ್" ಎಂದು ಕೂಗಿದರೆ ಹೋಟೆಲಿನಲ್ಲಿ ಕೂತವರು ಅರ್ಧ ಚಹಾ ಬಿಟ್ಟು ಓಡಿ ಬರುತ್ತಿದ್ದರಂತೆ. ನಾನು ಸೊಸೆಯಾಗಿ ಶಹಾಪುರಕ್ಕೆ ಬರುವ ಹೊತ್ತಿಗೆ ರಿಟೈರ್ ಆಗಿದ್ದರು, ಕೂಗುವುದು ಮಾತ್ರ ನಿಂತಿರಲಿಲ್ಲ. ಪ್ಯಾಸೆಂಜರ್ ಒಬ್ಬರೇ ಉಳಿದಿದ್ದರು, ನನ್ನ ಅತ್ತೆ.

ಅತ್ತೆಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ಹಾಕಿದೆ. ಬೆಳಿಗ್ಗೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತು ಮಾವ ಓಣಿಯನ್ನು ಹೇಳುತ್ತಿದ್ದರು. "ಎದುರಮನಿ ಖಾಲಾ ಬಾಗಲದಾಗ ನಿಂತಾಳ. ಹಸರು ದುಪಟ್ಟಾ. ಕೈಯಾಗ ಹಾಲಿನ ಚರಗಿ. ನಿನ್ನ ಕಡೀನ ನೋಡಾಕತ್ತಾಳ, ಕೈ ಎತ್ತು." ಅತ್ತೆ ಕೈ ಎತ್ತುತ್ತಿದ್ದರು. ಹೊಸಬರು ಈಕೆಗೆ ಕಾಣುತ್ತದೆ ಎಂದೇ ತಿಳಿದುಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಇಷ್ಟು ಸಣ್ಣ ಓಣಿಯಲ್ಲಿ ದಿನಾ ಹೇಳಲು ಏನಿರುತ್ತದೆ ಎಂದು ನನಗೆ ಸೋಜಿಗ.

ಒಮ್ಮೆ ನನ್ನ ಗಂಡ ಅತ್ತೆಗೆ ಸೀರೆ ತಂದರು. ಹ್ಯಾಂಗದ ಅಂತ ಅತ್ತೆ ಕೇಳಿದ್ದಕ್ಕೆ "ಭಾಳ ಛಂದ ಅದ ಯವ್ವಾ" ಎಂದರು. ಮಾವ ಒಳಗಿನಿಂದಲೇ ಗದರಿದರು. "ಛಂದ ಅಂದ್ರ ಯಾವ ಬಣ್ಣಲೇ? ಬದನಿಕಾಯಿ ಬಣ್ಣ ಅದ. ಅಂಚು ಹಳದಿ. ಸೆರಗಿನಾಗ ಒಂದು ಎಳಿ ಎದ್ದದ. ಕಂಡದ್ದು ಹೇಳು. ಕಣ್ಣಿಲ್ಲದಾಕಿಗಿ ಸುಳ್ಳ ಹೇಳಿದ್ರ ಆಕಿ ಎಲ್ಲಿ ಹೋಗಿ ನೋಡಿ ಬರಬೇಕು?" ಎದ್ದ ಎಳೆಯನ್ನು ಅತ್ತೆ ಬೆರಳಲ್ಲಿ ಹುಡುಕಿ, ಸಿಕ್ಕ ಮೇಲೆ ನಕ್ಕರು.

ಆ ದನಿ ಒಂದು ಚಳಿಗಾಲದಲ್ಲಿ ಒಡೆಯಿತು. ಉಪ್ಪುನೀರು, ಜ್ಯೇಷ್ಠಮಧು, ಮೆಣಸಿನ ಕಷಾಯ ಎಲ್ಲ ಆಯಿತು. ನೆಗಡಿ ಎಂದು ನಾವೆಲ್ಲ ಸುಮ್ಮನಿದ್ದಾಗ ಹಠ ಹಿಡಿದವರು ಅತ್ತೆ. "ಇದು ನೆಗಡಿ ಅಲ್ಲ. ನಿಮ್ಮ ದನಿಯಾಗ ಏನೋ ಬಂದು ಕುಂತದ, ತೋರಸ್ರಿ ಮೊದಲ." ಯಾದಗಿರಿಯ ಡಾಕ್ಟರು ಗಂಟಲಿಗೆ ನಳಿಕೆ ಬಿಟ್ಟು ನೋಡಿ, ಮುಖ ಸಣ್ಣದು ಮಾಡಿಕೊಂಡು ಹೈದರಾಬಾದಿಗೆ ಬರೆದುಕೊಟ್ಟರು. ಅತ್ತೆ ಮನೆಯಲ್ಲಿ ಉಳಿಯಲು ಒಪ್ಪಲಿಲ್ಲ. ನಾಲ್ವರೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ಮಾವ ಒಡೆದ ದನಿಯಲ್ಲೇ ಕಿಟಕಿಯ ಹೊರಗಿನದನ್ನು ಹೇಳುತ್ತ ಬಂದರು.

ಹೈದರಾಬಾದಿನ ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. ಧ್ವನಿಪೆಟ್ಟಿಗೆ ತೆಗೆದರೆ ಬದುಕುತ್ತೀರಿ, ಆದರೆ ಮಾತು ಹೋಗುತ್ತದೆ ಎಂದರು. ಮಾವ ಕೈಮುಗಿದರು. "ನಕೋ ಸಾಬ್." ಬೇಡವೇ ಬೇಡ. ನನ್ನ ಗಂಡ ರೇಗಿದರು, ಬೇಡಿಕೊಂಡರು, ಕೊನೆಗೆ ಗೋಡೆಗೆ ಹಣೆ ಹಚ್ಚಿ ನಿಂತರು. ಜೀವಕ್ಕಿಂತ ದನಿ ಹೆಚ್ಚಾಯಿತೇ ಈ ಮನುಷ್ಯನಿಗೆ ಎಂದು ನನಗೂ ಸಿಟ್ಟು. ವರಾಂಡದ ಬೆಂಚಿನ ಮೇಲೆ ಪಕ್ಕ ಕೂತು ಕೇಳಿಯೇಬಿಟ್ಟೆ.

"ಯಾಕ್ರಿ ಮಾವಾರ?"

"ಆಕಿಗಿ ಯಾರು ಹೇಳ್ತಾರ ಬೇ?" ಎಂದರು.

ಅತ್ತಕಡೆ ಕೂತಿದ್ದ ಅತ್ತೆ ಸಿಡಿದೆದ್ದರು. "ನನ್ನ ನೆಪ ಹೇಳಿ ಸಾಯಬ್ಯಾಡ್ರಿ! ನನ್ನ ಕಣ್ಣು ಹೋದಾಗ ನೀವು ಬಿಟ್ಟು ಹೋದ್ರೇನು? ಕೊಯ್ಯಲಿ. ನೀವು ಕೈ ಮಾಡಿ ತೋರಸ್ರಿ, ಸೊಸಿ ನೋಡಿ ಹೇಳ್ತಾಳ." ಸೊಸೆಯನ್ನು ಯಾರೂ ಕೇಳಲಿಲ್ಲ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಈಕೀನಾ? ಈಕಿಗಿ ಕಾಲಾಗ ಬಿದ್ದ ಚಂಬು ಕಾಣಸಂಗಿಲ್ಲ" ಎಂದರು. ಆದರೂ ಎದ್ದು ಹೋಗಿ ಸಹಿ ಮಾಡಿದರು.

ಆಪರೇಷನ್ನಿನ ದಿನ ನನಗೊಂದು ವಿಚಿತ್ರ ಕುತೂಹಲ. ಇದೇ ದನಿಯಲ್ಲಿ ಆಡುವ ಕೊನೆಯ ಮಾತು ಏನಿರಬಹುದು? ಅತ್ತೆಗೆ ಏನಾದರೂ ದೊಡ್ಡ ಮಾತು ಹೇಳಿಯಾರು ಎಂದು ಕಿವಿ ನಿಮಿರಿಸಿಕೊಂಡು ನಿಂತಿದ್ದೆ. ಮಾವ ಗಾಡಿಯ ಮೇಲೆ ಮಲಗಿ, ಅತ್ತೆಯ ಕೈ ಹಿಡಿದು ಹೇಳಿದ್ದು ಇಷ್ಟು. "ನೀಲಿ ಚಾದರ್ ಹೊಚ್ಚ್ಯಾರ. ಗಾಡಿ ದೂಡೋ ನರ್ಸವ್ವ ಸಣ್ಣಾಕಿ ಇದ್ದಾಳ, ನಗಾಕತ್ತಾಳ. ಬಾಗಲದ ಮ್ಯಾಲ ಕೆಂಪು ಲೈಟ್ ಅದ. ಈಗ ಒಳಗ ಹೊಂಟೀನಿ." ಬಾಗಿಲು ಮುಚ್ಚಿತು. ಅತ್ತೆ ಖಾಲಿ ಕೈಯನ್ನು ಹಾಗೇ ಚಾಚಿಕೊಂಡಿದ್ದರು. ನಾನು ಹಿಡಿದುಕೊಂಡೆ.

ಮನೆಗೆ ಬಂದ ಮೇಲೆ ನಮ್ಮದೊಂದು ಹೊಸ ಸಂಸಾರ. ನನ್ನ ಗಂಡ ದಿನಾ ಕುತ್ತಿಗೆಯ ತೂತಿನಲ್ಲಿಟ್ಟ ನಳಿಕೆ ತೊಳೆದು ಹಾಕುವುದನ್ನು ಕಲಿತರು. ಉಸಿರು ಬಾಯಿ ಬಿಟ್ಟು ಬೇರೆ ಕಡೆ ಹೊರಟರೆ ಅದರ ಜೊತೆ ಏನೇನು ಹೋಗುತ್ತದೆ ಎಂದು ನಮಗೆ ದಿನಕ್ಕೊಂದು ತಿಳಿಯುತ್ತಿತ್ತು. ಚಹಾ ಆರಿಸಲು ಮಾವ ತುಟಿ ಮುಂದೆ ಮಾಡಿ ಊದಿದರು, ಬಸಿಯಲ್ಲಿನ ಚಹಾ ಅಲುಗಲೇ ಇಲ್ಲ. ಬೆರಗಾಗಿ ಮತ್ತೆ ಊದಿದರು. ನೌಕರಿಯ ಕಾಲದ ಹಳೆಯ ಸೀಟಿ ಹುಡುಕಿ ಬಾಯಿಗಿಟ್ಟರು, ಸದ್ದಿಲ್ಲ. ವಾಸನೆಯೂ ಹೋಗಿತ್ತು. ಅದನ್ನು ಕಂಡುಹಿಡಿದವರು ಅತ್ತೆ, ಒಗ್ಗರಣೆ ಹೊತ್ತುತ್ತಿದ್ದರೂ ಮಾವ ಕದಲದ್ದನ್ನು ಗಮನಿಸಿ. ಅಂದಿನಿಂದ ಅಡುಗೆಮನೆಯನ್ನು ಅತ್ತೆಯೇ ಅವರಿಗೆ ಹೇಳತೊಡಗಿದರು. "ಮೆಂತ್ಯಪಲ್ಯ ಮಾಡಾಕತ್ತಾಳ ನಿಮ್ಮ ಸೊಸಿ. ಬಳ್ಳೊಳ್ಳಿ ಸ್ವಲ್ಪ ಕರ್ರಗ ಮಾಡ್ಯಾಳ."

ಖಾಲಾ ನೋಡಲು ಬಂದು ಓಣಿಗೆಲ್ಲ ಕೇಳುವಂತೆ "ತಬಿಯತ್ ಕೈಸಾ ಹೈ ಭಾಯಿ?" ಎಂದು ಕಿರುಚಿದರು. "ಮೆಲ್ಲಕ ಮಾತಾಡವ್ವ, ಕಿವಿ ಇನ್ನಾ ಅವರ ಕಡೀನ ಅದಾವ" ಎಂದರು ಅತ್ತೆ. ಮಾವನ ಬಟ್ಟೆ ಪಟಪಟ ಬಡಿಯಿತು. ಗಂಟಲಿಗೆ ಹಿಡಿದು ಮಾತಾಡುವ ಮಷೀನು ತಂದದ್ದೂ ಆಯಿತು. ಹಿಟ್ಟಿನ ಗಿರಣಿ ತಿರುಗಿದಂಥ ಅದರ ಸದ್ದು ಕೇಳಿ ಅತ್ತೆ "ಇವರ್ಯಾರು ಬಂದಾರ ಮನಿಗಿ? ಕಳಸ್ರಿ ಹೊರಗ" ಎಂದರು. ಅದು ಅಲಮಾರಿ ಸೇರಿತು.

ಉಳಿದವಳು ನಾನು. ನಾನು ಅಂಗನವಾಡಿಯ ಕೆಲಸ ಮುಗಿಸಿ ಬರುವುದನ್ನೇ ಕಾದು ಮಾವ ಕಟ್ಟೆಗೆ ಕರೆಯುತ್ತಿದ್ದರು. ಅವರು ಬೆರಳು ಮಾಡಿದ್ದನ್ನು ನಾನು ಬಾಯಲ್ಲಿ ಹೇಳಬೇಕು. ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದು ಸಲ ಬಡಿದರೆ ನಿಲ್ಲು, ಸರಿಯಾಗಿ ನೋಡು. ಎರಡು ಸಲ ಬಡಿದರೆ ಮುಂದಕ್ಕೆ ಹೋಗು. ಬಸ್ಸಿನ ಬೆಲ್ಲಿನ ಲೆಕ್ಕವೇ. ಎರಡು ಬಡಿತ ಕೇಳಲು ನಾನು ತಿಂಗಳುಗಟ್ಟಲೆ ಒದ್ದಾಡಿದೆ.

ಒಮ್ಮೆ ಬೋನಾಳದ ಕೆರೆಗೆ ಹೋದೆವು. ಮಾವ ನೀರಿನ ಕಡೆ ಕೈ ಮಾಡಿದರು. "ಹಕ್ಕಿ ಕುಂತಾವರಿ ಅತ್ತಿ, ಭಾಳ ಅದಾವ" ಎಂದೆ. ಲೋಟ ಇರಲಿಲ್ಲ, ನನ್ನ ತಲೆಗೇ ಒಂದು ಮೊಟಕಿದರು. ಮತ್ತೆ ನೋಡಿದೆ. "ಒಂದು ಹಕ್ಕಿ ಬ್ಯಾರೇನ ನಿಂತದ. ಬೆಳ್ಳಗದ. ಒಂದು ಕಾಲು ಮ್ಯಾಲ ಎತ್ತ್ಯದ. ಮೀನು ನುಂಗಾಕತ್ತದ, ಗಂಟಲದಾಗ ಅದು ಕೆಳಗ ಇಳಿಯೂದು ಕಾಣಸ್ತದ." "ಅಯ್ಯ, ಖರೇನಾ?" ಎಂದು ಅತ್ತೆ ತಮ್ಮ ಗಂಟಲು ಮುಟ್ಟಿಕೊಂಡರು. ಮಾವ ನನ್ನ ಬೆನ್ನಿಗೆ ಎರಡು ಸಲ ತಟ್ಟಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅಳು ಬಂದಿತ್ತು. ಅಲ್ಲಿಯವರೆಗೆ ಹಕ್ಕಿ ಮೀನು ನುಂಗುವುದನ್ನು ನಾನು ನಿಂತು ನೋಡಿಯೇ ಇರಲಿಲ್ಲ.

ಮೂರು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ರೋಗ ಎದೆಗೆ ಇಳಿಯಿತು. ಈ ಸಲ ಕೊಯ್ಯಲು ಏನೂ ಇಲ್ಲ ಎಂದರು ಡಾಕ್ಟರು. ಒಂದು ಬೆಳಿಗ್ಗೆ, ನಾನು ಚಹಾ ಹಿಡಿದು ಹೋದಾಗ ಮಾವ ಹೋಗಿಬಿಟ್ಟಿದ್ದರು.

ಪಡಸಾಲೆಯಲ್ಲಿ ಮಲಗಿಸಿದರು. ಓಣಿಯೆಲ್ಲ ನೆರೆಯಿತು. ಅತ್ತೆ ತಲೆದೆಸೆಯಲ್ಲಿ ಕೂತು "ಹ್ಯಾಂಗ ಕಾಣಸ್ತಾರ?" ಎಂದು ಕೇಳಿದರು. "ನಿದ್ದಿ ಹತ್ತಿದ್ಹಂಗ ಅದಾರ ಯವ್ವಾ, ದೇವರಂಗ ಕಾಣಸ್ತಾರ" ಎಂದು ಹೆಂಗಸರು ಸಮಾಧಾನ ಹೇಳಿದರು. ಅತ್ತೆ ತಲೆ ಅಲ್ಲಾಡಿಸಿ ಕೈ ಚಾಚಿ, ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

"ನೀ ಹೇಳು."

ನಾನು ನೋಡಿದೆ. ಕಣ್ಣೀರು ಒರೆಸಿಕೊಂಡು ಮತ್ತೆ ನೋಡಿದೆ. "ಗಡ್ಡ ಬೆಳದದರಿ, ಬೆಳ್ಳಗ. ತುಟಿ ಒಣಗ್ಯಾವ. ಎಡಗಣ್ಣು ಮುಚ್ಚ್ಯದ. ಬಲಗಣ್ಣು ಪೂರಾ ಮುಚ್ಚಿಲ್ಲ, ಸ್ವಲ್ಪ ಬಿಳೀದು ಕಾಣಾಕತ್ತದ."

ಹೆಂಗಸರಲ್ಲಿ ಯಾರೋ "ಅಯ್ಯ, ಸುಮ್ಮನಿರು ಬೇ" ಎಂದರು. ಅತ್ತೆ ಮಾವನ ಮುಖದ ಮೇಲೆ ಬೆರಳು ಆಡಿಸತೊಡಗಿದರು. ಕೆನ್ನೆಗೆ ಹೋಯಿತು, ಮೂಗಿಗೆ ಹೋಯಿತು.

"ಇನ್ನಾ ಸ್ವಲ್ಪ ಮ್ಯಾಲ, ಅತ್ತಿ. ಬಲಕ್ಕ. ಹಾಂ, ಅಲ್ಲೇ."

ಅತ್ತೆ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಬೆರಳನ್ನು ಅಲ್ಲೇ ಒತ್ತಿ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ತೆಗೆದರು.

"ಈಗ?"

"ಈಗ ಮುಚ್ಚ್ಯದರಿ" ಎಂದೆ.