ನೀರಿನಲ್ಲಿ ನಿಲ್ಲಿಸಬಹುದೆಂದವನು

ಕಡ್ಡಿರಾಂಪುರದ ಹುಲುಗಪ್ಪನನ್ನು ಕಾಲುವೆಯ ನೀರಿನಲ್ಲಿ ನಿಲ್ಲಿಸಿದವರು ಪೊಲೀಸರು. ಹಾಗೆ ನಿಲ್ಲಿಸಬಹುದು, ಕಾನೂನು ಅಡ್ಡ ಬರುವುದಿಲ್ಲ ಎಂದು ಹೇಳಿದವನು ನಾನು. ಮೊದಲನೆಯ ಸಂಗತಿ ಆ ಕಾಲದಲ್ಲೇ ಸೀಮೆಗೆಲ್ಲ ತಿಳಿದಿತ್ತು. ಎರಡನೆಯದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ — ನನ್ನ ಹೆಂಡತಿಗೂ ಹೇಳಲಿಲ್ಲ, ದೇವರ ಮುಂದೆ ಕುಳಿತಾಗ ದೇವರಿಗೂ ಹೇಳಲಿಲ್ಲ. ಅವನಿಗೆ ಹೇಳದೆಯೂ ತಿಳಿದಿರುತ್ತದೆ ಎಂದುಕೊಳ್ಳುತ್ತಿದ್ದೆ. ಎಷ್ಟು ಅನುಕೂಲದ ಭಕ್ತಿ ಅದು!

ನಾನಾಗ ಹೊಸಪೇಟೆಯಲ್ಲಿ ಸರ್ಕಾರಿ ವಕೀಲನಾಗಿದ್ದೆ. ಅಣೆಕಟ್ಟಿನ ನೀರು ಬಂದು ಕಂಪ್ಲಿಯವರೆಗೂ ಭತ್ತ, ಕಬ್ಬು, ಬಾಳೆ ಹಬ್ಬಿದ್ದ ಕಾಲ. ನೀರಿನೊಡನೆ ನೀರಿನ ಜಗಳಗಳೂ ಬಂದಿದ್ದವು. ಬಾಲ್ಯದಲ್ಲಿ ತಂದೆಯವರ ಬಳಿ ಸಂಸ್ಕೃತವನ್ನೂ ಧರ್ಮಶಾಸ್ತ್ರವನ್ನೂ ಓದಿ, ಆಮೇಲೆ ಕಾನೂನು ಕಲಿತವನು ನಾನು. ಒಂದು ಶಬ್ದವನ್ನು ಹಿಡಿದು ಅದರ ವ್ಯಾಪ್ತಿ ಎಲ್ಲಿಯವರೆಗೆ, ಎಲ್ಲಿಂದ ಆಚೆ ಅದು ಸಲ್ಲದು ಎಂದು ವಿವೇಚಿಸುವ ವಿದ್ಯೆ ನನಗೆ ಮನೆಯಿಂದಲೇ ಬಂದಿತ್ತು. ಮಾಘಮಾಸವಿಡೀ ಹಂಪಿಯಲ್ಲಿ ಬಂಧುಗಳ ಮನೆಯಲ್ಲಿ ಉಳಿದು, ಅರುಣೋದಯಕ್ಕೆ ಚಕ್ರತೀರ್ಥದಲ್ಲಿ ಕಂಠಮಟ್ಟ ನೀರಿನಲ್ಲಿ ನಿಂತು ಜಪ ಮಾಡುತ್ತಿದ್ದೆ. ನೋಡಿದವರು ಕೈಮುಗಿಯುತ್ತಿದ್ದರು. ಅದು ನನಗೆ ಹಿತವಾಗಿತ್ತು — ಇದನ್ನೂ ಹೇಳಿಬಿಡಬೇಕು.

ಅಂಥದೇ ಒಂದು ಮಾಘದಲ್ಲಿ, ಕಾಲುವೆಯ ತೂಬೊಂದರ ಬಾಗಿಲು ತೆರೆದುಕೊಂಡು, ದೊಡ್ಡ ಜಮೀನ್ದಾರರೊಬ್ಬರು ಆಗಷ್ಟೇ ನಾಟಿ ಮಾಡಿಸಿದ್ದ ಭತ್ತವೆಲ್ಲ ಕೊಚ್ಚಿಹೋಯಿತು. ಬಾಗಿಲನ್ನು ಏರಿಸಿ ಇಳಿಸುವ ಕಬ್ಬಿಣದ ಹಿಡಿಯೂ ಕಾಣೆಯಾಗಿತ್ತು. ಪಕ್ಕದ ಹೊಲದಲ್ಲಿ ಕೂಲಿಗೆ ನೀರು ಕಟ್ಟುತ್ತಿದ್ದ ಹುಲುಗಪ್ಪನ ಮೇಲೆ ಅನುಮಾನ ಬಂತು. ಅನುಮಾನಕ್ಕೆ ಆಧಾರವೆಂದರೆ, ಅವನು ಅಲ್ಲಿದ್ದ. ಅಷ್ಟೇ.

ಠಾಣೆಯ ಸಬ್ ಇನ್‌ಸ್ಪೆಕ್ಟರು ನನ್ನನ್ನು ಹುಡುಕಿಕೊಂಡು ಹಂಪಿಗೇ ಬಂದರು. ನಾನು ಸ್ನಾನ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆ. ಅವರು ಬೂಟು ಕಳಚಿಟ್ಟು, ಕಾಫಿಯ ಲೋಟ ಹಿಡಿದು, ಕೆಳಗಿನ ಮೆಟ್ಟಿಲಮೇಲೆ ಕುಳಿತರು. ಕೆಲವು ತಿಂಗಳ ಹಿಂದೆ ನಾವಿಬ್ಬರೂ ಒಂದು ಮೊಕದ್ದಮೆ ಸೋತಿದ್ದೆವು. ಆರೋಪಿಯ ಬೆನ್ನಮೇಲಿನ ಬಾಸುಂಡೆಗಳನ್ನು ವೈದ್ಯರು ಸಾಕ್ಷಿ ಕಟ್ಟೆಯಲ್ಲಿ ವರ್ಣಿಸಿದ್ದರು. ತುಂಬಿದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ನನಗೆ ಛೀಮಾರಿ ಹಾಕಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ಆರೋಪಿಯ ಬೆನ್ನಿನದಲ್ಲ, ನನ್ನದು.

"ವಕೀಲ್ರ, ಕೈ ಹಚ್ಚಿದ್ರ ಡಾಕ್ಟ್ರು ಹಿಡೀತಾರ. ಕೈ ಹಚ್ಚದ ಈ ಮಗ ಬಾಯಿ ಬಿಡಂಗಿಲ್ಲ. ನಮ್ಮನ್ನ ಭಾಳ ಇಕ್ಕಟ್ಟಿನ್ಯಾಗ ಇಟ್ಟೀರಿ ನೀವು ಕಾಯ್ದೆದವ್ರು," ಎಂದರು ಅವರು. ಆಮೇಲೆ, ನನ್ನ ಒದ್ದೆ ಧೋತರ ಒಣಗುತ್ತಿದ್ದುದನ್ನು ನೋಡುತ್ತ, "ಬರೇ ನೀರಾಗ ನಿಲ್ಲಿಸಿದ್ರ? ಹೆಂಗೂ ನೀರಾಗ ದುಡಿಯೋ ಮನುಷ್ಯ..." ಎಂದು ನಿಲ್ಲಿಸಿದರು.

ಆ ವಾಕ್ಯವನ್ನು ಅವರು ಪೂರ್ತಿ ಮಾಡಲಿಲ್ಲ. ನಾನು ಮಾಡಿದೆ. ನಗುತ್ತ ಮಾಡಿದೆ.

"ನೀರಾಗ ನಿಲ್ಲೋದು ಪೆಟ್ಟು ಅಂತಾದ್ರ, ದಿನಾ ಬೆಳಿಗ್ಗೆ ನಾನು ನನ್ನ ಮ್ಯಾಲೇ ಕೇಸು ಹಾಕ್ಕೋಬೇಕಾಗ್ತದ ರೀ!"

ಅವರೂ ನಕ್ಕರು. "ಹಂಗಾದ್ರ ನಿಮಗ ಜಾಮೀನು ನಾನ ಕೊಡ್ತೀನಿ ಬಿಡ್ರಿ," ಎಂದರು. ನಗು ಇಳಿದಮೇಲೆ ನಾನು ವಕೀಲನ ಧ್ವನಿಯಲ್ಲಿ ಸೇರಿಸಿದೆ: ದಂಡಸಂಹಿತೆ ಕೇಳುವುದು ದೇಹಕ್ಕಾದ ನೋವನ್ನು, ರೋಗವನ್ನು, ಅಶಕ್ತತೆಯನ್ನು, ಚಳಿ ಎಂಬುದು ಇವುಗಳಲ್ಲಿ ಯಾವುದೂ ಅಲ್ಲ, ಮೈಮೇಲೆ ಗುರುತು ಮಾತ್ರ ಬೀಳಬಾರದು.

ಓದುಗರೇ, ನನ್ನ ಅಪರಾಧ ಎಲ್ಲಿದೆ ಎಂದು ಸರಿಯಾಗಿ ತೋರಿಸುತ್ತೇನೆ. ನಾನು ತಿಳಿಯದೆ ತಪ್ಪು ಅರ್ಥ ಹೇಳಿದವನಲ್ಲ. ಸಂಕಲ್ಪವಿಲ್ಲದೆ ಸ್ನಾನವಿಲ್ಲ ಎಂದು ನನಗೆ ಉಪನಯನದ ದಿನಗಳಲ್ಲೇ ಕಲಿಸಿದ್ದರು. ನೀರಿಗಿಳಿಯುವ ಮೊದಲು ಕೈಯಲ್ಲಿ ನೀರು ಹಿಡಿದು, ನಾನು, ನನ್ನ ಇಚ್ಛೆಯಿಂದ, ಇದನ್ನು ಮಾಡುತ್ತೇನೆ ಎಂದು ಹೇಳಿಕೊಳ್ಳುವುದೇ ವ್ರತದ ಪ್ರಾಣ. ನನಗೆ ಬೇಕೆನಿಸಿದ ಕ್ಷಣ ನಾನು ಮೆಟ್ಟಿಲೇರಿ ಬರುತ್ತಿದ್ದೆ. ಮೇಲೆ ನನ್ನ ಹೆಂಡತಿ ಒಣ ಧೋತರ ಹಿಡಿದು ನಿಂತಿರುತ್ತಿದ್ದಳು. ಹುಲುಗಪ್ಪನಿಗೆ ಮೇಲೆ ನಿಂತಿದ್ದವನು ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದ ಒಬ್ಬ ಪೇದೆ. ಈ ಭೇದವನ್ನು ಬಿಡಿಸಿ ಹೇಳಲು ನನಗಿಂತ ಸಮರ್ಥನು ಆ ಸೀಮೆಯಲ್ಲಿ ಬೇರೆ ಯಾರಿದ್ದರು? ಆದರೂ — ಇಲ್ಲ, "ಆದರೂ" ಬೇಡ. ನನ್ನನ್ನು ಕೇಳಿದ್ದು ಕಾನೂನಿನ ಅರ್ಥವನ್ನಲ್ಲ, ಒಂದು ದಾರಿಯನ್ನು. ನಾನು ದಾರಿ ಮಾಡಿಕೊಟ್ಟೆ. ಅದಕ್ಕೆ ನನ್ನ ವ್ರತವನ್ನೇ ಚಪ್ಪಡಿಯಾಗಿ ಹಾಸಿದೆ.

ಎರಡು ದಿನ ಕಳೆದು ಹುಲುಗಪ್ಪನ ಹೆಂಡತಿ ನಾಗಮ್ಮ ಬಂದಳು. ಸರ್ಕಾರಿ ವಕೀಲ ಎಂದರೆ ಸರ್ಕಾರಕ್ಕೆ ಬುದ್ಧಿ ಹೇಳುವವನು ಎಂದು ಯಾರೋ ಅವಳಿಗೆ ಹೇಳಿದ್ದರು. ಹೇಳಿದವರು ಸುಳ್ಳಾಡಿರಲಿಲ್ಲ. ಅಂಗಳದಲ್ಲಿ ನಿಂತೇ ಮಾತಾಡಿದಳು.

"ಯಪ್ಪಾ, ಬಡಿದ್ರ ಬಡೀಲಿ. ನೀರಿನಿಂದ ಮ್ಯಾಲಕ್ ತಗೀರಿ ಅಂತ ಒಂದು ಮಾತು ಹೇಳ್ರಿ. ನಿಲ್ಲಿಸಿ ಎರಡು ರಾತ್ರಿ ಆತ್ರಿ. ಕಾಲು ಅದಾವೋ ಇಲ್ಲೋ ತಿಳಿವಲ್ದು ಅಂತಾನ್ರಿ ಅಂವ."

ಬಡಿದರೆ ಬಡಿಯಲಿ ಎಂದಳು. ಯಾವುದು ಪೆಟ್ಟು, ಯಾವುದು ಅಲ್ಲ ಎಂಬ ನನ್ನ ವ್ಯಾಖ್ಯಾನಕ್ಕೆ ಅದಕ್ಕಿಂತ ದೊಡ್ಡ ಖಂಡನೆಯನ್ನು ನಾನು ಯಾವ ತೀರ್ಪಿನಲ್ಲೂ ಓದಿಲ್ಲ. "ನೋಡೋಣ, ಹೋಗಮ್ಮ," ಎಂದು ಒಳಗೆ ಹೋಗಿ ಪೂಜೆಗೆ ಕುಳಿತೆ. ಅಂದು ಪೂಜೆ ಎಂದಿಗಿಂತ ದೀರ್ಘವಾಯಿತು. ಅಭಿಷೇಕದ ನೀರು ಕೈಗೆ ತಣ್ಣಗೆ ತಾಗಿದ್ದು ಇವತ್ತಿಗೂ ನೆನಪಿದೆ. ಪೂಜೆ ಮುಗಿಸಿ, ಊಟ ಮಾಡಿ, ಠಾಣೆಗೆ ಹೋಗಬೇಕೆಂದುಕೊಂಡೆ. ಹೋಗಲಿಲ್ಲ.

ಹುಲುಗಪ್ಪ ಕೊನೆಗೆ "ಹೌದ್ರಿ, ನಾನ" ಎಂದನಂತೆ. ಹಿಡಿ ಎಲ್ಲಿಟ್ಟೆ ಎಂದರೆ ಬಾಳೆತೋಟ ಎಂದನಂತೆ, ಬಣವೆ ಎಂದನಂತೆ, ಹಾಳುಬಾವಿ ಎಂದನಂತೆ. ಎಲ್ಲಿಯೂ ಸಿಗಲಿಲ್ಲ, ಅವನನ್ನು ಬಿಟ್ಟರು. ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ಆ ಕಬ್ಬಿಣದ ಹಿಡಿ ತೂಬಿನ ಬುಡದ ಹೂಳಿನಲ್ಲೇ ಬಿದ್ದಿತ್ತು. ಯಾರೂ ಕದ್ದಿರಲಿಲ್ಲ. ಅಷ್ಟರಲ್ಲಿ ಹುಲುಗಪ್ಪನ ಎಡಗಾಲಿನ ಬೆರಳುಗಳು ಕಪ್ಪಾಗಿ, ಆಸ್ಪತ್ರೆಯಲ್ಲಿ ಅವನ್ನು ತೆಗೆದುಹಾಕಿದ್ದರು.

ನಾಗಮ್ಮ ಬಿಡಲಿಲ್ಲ; ದೂರು ಕೊಟ್ಟಳು. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಸಬ್ ಇನ್‌ಸ್ಪೆಕ್ಟರು, ವಕೀಲರನ್ನು ಕೇಳಿಯೇ ಮಾಡಿದೆ ಎಂದರು. ಅಧಿಕಾರಿಗಳು ನನ್ನನ್ನು ಕರೆಸಿ ಗೌರವದಿಂದ ಕುರ್ಚಿ ಕೊಟ್ಟು ಕೇಳಿದರು. ನಾನು ಹೇಳಿದೆ: "ನನ್ನ ಮಾಘಸ್ನಾನದ ಬಗ್ಗೆ ಲೋಕಾಭಿರಾಮವಾಗಿ ಮಾತಾಡಿದ್ದುಂಟು. ಸಲಹೆ ಕೊಟ್ಟದ್ದಿಲ್ಲ."

ಇದು ನನ್ನ ಎರಡನೆಯ ಪಾಪ. ಮೊದಲನೆಯದರಲ್ಲಿ ನಗುವಿತ್ತು, ಇದರಲ್ಲಿ ಅದೂ ಇರಲಿಲ್ಲ. ಹಗ್ಗ ಹಿಡಿದ ಪೇದೆಯ ಕೆಲಸ ಹೋಯಿತು; ಸಬ್ ಇನ್‌ಸ್ಪೆಕ್ಟರಿಗೆ ಬಡ್ತಿ ತಪ್ಪಿತು. ನನಗೆ ಬಡ್ತಿ ಬಂತು. ಮಾಡಿದವನಷ್ಟೇ ಮಾಡಲು ಕುಮ್ಮಕ್ಕು ಕೊಟ್ಟವನೂ ಹೊಣೆ ಎಂದು ನಾನು ಅದೇ ನ್ಯಾಯಾಲಯದಲ್ಲಿ ಎಷ್ಟೋ ಬಡವರ ವಿರುದ್ಧ ವಾದಿಸಿ ಗೆದ್ದಿದ್ದೇನೆ. ಆ ವಾದವನ್ನು ನನ್ನ ವಿರುದ್ಧ ಹೂಡುವವರು ಯಾರೂ ಇರಲಿಲ್ಲ. ಸರ್ಕಾರದ ವಕೀಲ ನಾನೇ ಅಲ್ಲವೇ?

ವರ್ಷಗಳು ಉರುಳಿ, ನಾನು ನಿವೃತ್ತನಾದಮೇಲೆ, ಒಂದು ಬೆಳಿಗ್ಗೆ ಚಕ್ರತೀರ್ಥದ ಮೆಟ್ಟಿಲಮೇಲೆ ಕೋಲೂರಿ ಕುಳಿತ ಮುದುಕನೊಬ್ಬ ನನ್ನನ್ನು ಕರೆದ.

"ಸ್ವಾಮಿ, ಒಂದು ತಂಬಿಗಿ ನೀರು ತಂದುಕೊಡ್ರಿ, ತಲಿಮ್ಯಾಲ ಹಾಕ್ಕೋತೀನಿ. ಜಲ್ದಿ ಏನಿಲ್ಲ, ನಿಮ್ಮ ಜಳಕ ಆಗ್ಲಿ."

ನೀವೇ ಇಳಿಯಬಹುದಲ್ಲ ಎಂದೆ. "ಇಳ್ಯಂಗಿಲ್ರಿ. ನೀರು ಕಂಡ್ರ ಕಾಲು ಮುಂದಕ ಬರಂಗಿಲ್ಲ. ಹೊಲದ ಕೆಲಸಾನೂ ಬಿಟ್ಟು ಭಾಳ ವರ್ಷಾತು," ಎಂದು ನಕ್ಕು, ಬೆರಳಿಲ್ಲದ ಪಾದವನ್ನು ಪಂಚೆಯೊಳಗೆ ಎಳೆದುಕೊಂಡ.

ನಾನು ನೀರು ತಂದುಕೊಟ್ಟೆ. ಅವನು ತಲೆಯಮೇಲೆ ಒಂದಿಷ್ಟು ಚಿಮುಕಿಸಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ, ಯಪ್ಪಾ," ಎಂದ. ನಾನು ಯಾರೆಂದು ಅವನಿಗೆ ತಿಳಿದಿರಲಿಲ್ಲ. ತಿಳಿಸಲು ಅದಕ್ಕಿಂತ ಒಳ್ಳೆಯ ಕ್ಷಣ ಯಾವುದಿತ್ತು? — ಆ ಆಶೀರ್ವಾದವನ್ನು ತೆಗೆದುಕೊಂಡು, ಖಾಲಿ ತಂಬಿಗೆ ಹಿಡಿದು, ಮನೆಗೆ ಬಂದೆ.

ಅಂದಿನಿಂದ ನನಗೆ ಮಾಘಸ್ನಾನವಿಲ್ಲ. ಸಂಕಲ್ಪದಲ್ಲಿ "ನಾನು" ಎನ್ನಬೇಕಾದಲ್ಲಿ ನಾಲಿಗೆ ನಿಲ್ಲುತ್ತದೆ.

ಈಗ ವಕೀಲರಾಗಿರುವ ನನ್ನ ಶಿಷ್ಯರೊಬ್ಬರನ್ನು, ಹೆಸರು ಹೇಳದೆ, ಇಂಥವನಿಗೆ ಶಿಕ್ಷೆಯಾಗಬೇಕೇ ಎಂದು ಕೇಳಿದೆ. "ಅಭಿಪ್ರಾಯ ಕೊಟ್ಟದ್ದಕ್ಕೆಲ್ಲ ಶಿಕ್ಷೆ ಅಂದ್ರ ವಕೀಲಿಕಿ ಹೆಂಗ ನಡೀತದ್ರೀ ಸರ್?" ಎಂದರು. ನಡೆಯದಿದ್ದರೆ ನಿಲ್ಲಲಿ. ಅರಿಯದೆ ತಪ್ಪಿದವನನ್ನು ಕ್ಷಮಿಸಿ. ಅರಿತೂ ನೋವಿಗೆ ಬೇರೆ ಹೆಸರಿಟ್ಟುಕೊಟ್ಟವನನ್ನು ಹಗ್ಗ ಹಿಡಿದವನ ಪಕ್ಕದಲ್ಲೇ ನಿಲ್ಲಿಸಿ. ಆ ವಿಚಾರಣೆಯಲ್ಲಿ ನಾನಾಡಿದ್ದು ಸುಳ್ಳು ಎಂದು ಸಂಬಂಧಪಟ್ಟವರಿಗೆ ಸಹಿಮಾಡಿ ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಅದು ಅವರದು.

ನನ್ನದು ಇನ್ನೊಂದಿದೆ. ಈ ಮಾಘ ಬರುವ ಮೊದಲು ಕಡ್ಡಿರಾಂಪುರಕ್ಕೆ ಹೋಗಬೇಕು. ಹುಲುಗಪ್ಪ ಇದ್ದಾನೆ, ನಾಗಮ್ಮನೂ ಇದ್ದಾಳೆ. ಕುಂದ್ರಿ ಎಂದರೆ ಕೂರಬಾರದು, ನೀರು ಕೊಟ್ಟರೆ ಕುಡಿಯಬಾರದು. ಅಂಗಳದಲ್ಲಿ ನಿಂತು, ನನ್ನ ಹೆಸರು ಹೇಳಿ, ಅಂದು ಜಗಲಿಯಮೇಲೆ ನಗುತ್ತ ಆಡಿದ ಆ ಮಾತನ್ನು ಒಂದಕ್ಷರವೂ ಬಿಡದೆ ಅವರಿಬ್ಬರ ಮುಂದೆ ಮತ್ತೆ ಆಡಬೇಕು — ನಗದೆ.